ಅದಿರು ಮಾರಿದ ಹಣದಲ್ಲಿ ಊರಿಗೆಷ್ಟು?

ಪ್ರಶ್ನೆ: ನಮ್ಮ ತಾಲ್ಲೂಕಿನಿಂದ ದಿನವೂ ಸಾಲುಸಾಲು ಲಾರಿಗಳಲ್ಲಿ ಕಬ್ಬಿಣದ ಅದಿರು ಹೋಗುತ್ತದೆ. ಟನ್ನಿಗೆ ಸರ್ಕಾರಕ್ಕೆಷ್ಟು ಸಿಗುತ್ತದೆ, ನಮಗೆಷ್ಟು? — ಓದುಗರು, ಸಂಡೂರು

ಉತ್ತರ: ಭಾರತೀಯ ಗಣಿ ಬ್ಯೂರೊ ಪ್ರತಿ ತಿಂಗಳು ಅದಿರಿನ ದರ್ಜೆಗೆ ತಕ್ಕಂತೆ ಸರಾಸರಿ ಮಾರಾಟ ಬೆಲೆ ಪ್ರಕಟಿಸುತ್ತದೆ. ಅದರ ಶೇ 15 ರಾಜಧನ, ಅಂದರೆ ಅದಿರು ತೆಗೆದದ್ದಕ್ಕೆ ಕಟ್ಟುವ ರಾಯಲ್ಟಿ. ಲೆಕ್ಕಕ್ಕೆ ಬೆಲೆ ಟನ್ನಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ರಾಜಧನ 450 ರೂಪಾಯಿ, ಅದು ರಾಜ್ಯದ ಬೊಕ್ಕಸಕ್ಕೆ. ಗಣಿಬಾಧಿತ ಊರುಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ (ಡಿಎಂಎಫ್) ಗಣಿ ಕಂಪನಿ ಇದಲ್ಲದೆ ಬೇರೆಯಾಗಿ ಕಟ್ಟಬೇಕು. 2015ರ ಜನವರಿ 12ಕ್ಕಿಂತ ಹಿಂದಿನ ಗುತ್ತಿಗೆಯಾದರೆ ರಾಜಧನದ ಶೇ 30, ಅಂದರೆ 135 ರೂಪಾಯಿ. ಆಮೇಲೆ ಹರಾಜಿನಲ್ಲಿ ಪಡೆದ ಗಣಿಯಾದರೆ ಶೇ 10, ಬರೀ 45 ರೂಪಾಯಿ. ಈ ಶೇಕಡಾವಾರು ರಾಜಧನದ ಮೇಲೆ, ಬೆಲೆಯ ಮೇಲಲ್ಲ. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ಹರಾಜಾದ ಗಣಿಯಲ್ಲಿ ಪ್ರೀಮಿಯಂ (ಅದಿರಿನ ಬೆಲೆಯಲ್ಲಿ ಇಷ್ಟು ಪಾಲು ಕೊಡುತ್ತೇವೆಂದು ಹರಾಜಿನಲ್ಲಿ ಕೂಗಿದ ಹಣ) ಕೂಡ ಸೇರುತ್ತದೆ. ಕಂಪನಿ ಶೇ 80 ಕೂಗಿದ್ದರೆ ಟನ್ನಿಗೆ 2,400 ರೂಪಾಯಿ, ಅದೂ ರಾಜ್ಯಕ್ಕೇ. ಅಂದರೆ ಹರಾಜು ಪದ್ಧತಿ ಬಂದ ಮೇಲೆ ರಾಜ್ಯದ ಪಾಲು ಹಲವು ಪಟ್ಟು ಏರಿತು, ಗಣಿಬಾಧಿತ ಊರಿನ ಪಾಲು ಮೂರರಲ್ಲೊಂದಕ್ಕೆ ಇಳಿಯಿತು. ಧೂಳು, ಲಾರಿ ಹಾವಳಿ, ಕುಸಿದ ಬೋರ್‌ವೆಲ್ ಎರಡೂ ಬಗೆಯ ಗಣಿಗಳಲ್ಲಿ ಒಂದೇ. ಪ್ರೀಮಿಯಂನಲ್ಲೂ ಜಿಲ್ಲೆಗೆ ಪಾಲು ಕೊಡದಿರುವುದು ಅನ್ಯಾಯ.

ಪ್ರಶ್ನೆ: ಇಷ್ಟು ಖನಿಜ ಸಂಪತ್ತಿದ್ದರೂ ಗಣಿ ನಾಡು ಹಿಂದುಳಿದಿರುವುದೇಕೆ? — ಪದವಿ ವಿದ್ಯಾರ್ಥಿನಿ, ಹೊಸಪೇಟೆ

ಉತ್ತರ: ಅದಿರಿನ ಹಣವನ್ನು ವರಮಾನವೆಂದು ಬಗೆಯುವುದೇ ಮೊದಲ ತಪ್ಪು. ಅದು ಆಸ್ತಿ ಮಾರಿದ ಹಣ. ರಾಜ್ಯದ ಒಟ್ಟು ಆಂತರಿಕ ಉತ್ಪನ್ನಕ್ಕೆ ಗಣಿಗಾರಿಕೆಯ ಮೌಲ್ಯ ಸೇರುತ್ತದೆ, ನೆಲದಲ್ಲಿ ಕರಗಿದ ನಿಕ್ಷೇಪವನ್ನು ಯಾರೂ ಕಳೆಯುವುದಿಲ್ಲ. ಖನಿಜದಿಂದ ಬಂದ ಹೆಚ್ಚುವರಿ ಲಾಭವನ್ನೆಲ್ಲ ಬೇರೆ ಬಂಡವಾಳವಾಗಿ ಪರಿವರ್ತಿಸಿದರೆ ಮಾತ್ರ ಮುಂದಿನ ಪೀಳಿಗೆಗೆ ನಷ್ಟವಿಲ್ಲ ಎಂದು ಅರ್ಥಶಾಸ್ತ್ರಜ್ಞ ಜಾನ್ ಹಾರ್ಟ್‌ವಿಕ್ 1977ರಲ್ಲಿ ತೋರಿಸಿದರು.

ನಮ್ಮಲ್ಲಿ ಆ ಲಾಭ ಸರ್ಕಾರದ ಕೈಗೇ ಸರಿಯಾಗಿ ಬರಲಿಲ್ಲ. 2009ರ ಆಗಸ್ಟ್‌ವರೆಗೆ ರಾಜಧನ ಟನ್ನಿಗಿಷ್ಟು ಎಂದು ನಿಗದಿಯಾಗಿತ್ತು. ಅತ್ಯುತ್ತಮ ದರ್ಜೆಯ ಗಟ್ಟಿ ಅದಿರಿಗೂ 27 ರೂಪಾಯಿ. ಚೀನಾದ ಬೇಡಿಕೆಯಿಂದ ಬೆಲೆ ಗಗನಕ್ಕೇರಿದಾಗ ಏರಿದ್ದರಲ್ಲಿ ಬಹುಪಾಲು ಗಣಿ ಮಾಲೀಕರಿಗೆ ಹೋಯಿತು. ಅದರ ಜತೆಗೆ ಅಕ್ರಮ ಗಣಿಗಾರಿಕೆ. ಆಮೇಲೆ ರಾಜಧನ ಬೆಲೆಯ ಶೇ 10, 2014ರಿಂದ ಶೇ 15 ಆಯಿತು. ಅಷ್ಟರಲ್ಲಿ, 2011ರಲ್ಲಿ, ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿಯಾಗಿತ್ತು.

ಆಫ್ರಿಕಾದ ಬೋಟ್ಸ್ವಾನಾ ಬೇರೆ ದಾರಿ ಹಿಡಿಯಿತು. 1966ರಲ್ಲಿ ಸ್ವತಂತ್ರವಾದ ಈ ಬಡ ದೇಶದಲ್ಲಿ ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಮುಂದೆ ಗಣಿ ಕಂಪನಿಯಲ್ಲಿ ಸರ್ಕಾರ ಅರ್ಧ ಪಾಲು ಪಡೆಯಿತು. ರಸ್ತೆ, ಶಾಲೆ, ಆಸ್ಪತ್ರೆ ಕಟ್ಟಿತು. 1994ರಲ್ಲಿ ಪುಲಾ ನಿಧಿ ತೆರೆದು ಉಳಿತಾಯವನ್ನು ಹೊರದೇಶಗಳಲ್ಲಿ ಹೂಡಿತು. ಆದರೂ ವಜ್ರದ ಬೆಲೆ ಬಿದ್ದಾಗ ಇಂದಿಗೂ ನರಳುತ್ತದೆ, ಬೇರೆ ಉದ್ಯಮಗಳು ಸಾಕಷ್ಟು ಬೆಳೆಯಲಿಲ್ಲ. ಬೇರೆ ಉದ್ಯಮ ಬೆಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೋಲಾರವೂ ಸಾಕ್ಷಿ. ಅಲ್ಲಿನ ಚಿನ್ನದ ಗಣಿಗಾಗಿ 1902ರಲ್ಲಿ ಶಿವನಸಮುದ್ರದಿಂದ ಎಳೆದ ವಿದ್ಯುತ್ 1905ರಲ್ಲಿ ಬೆಂಗಳೂರಿಗೂ ಬಂತು. 2001ರಲ್ಲಿ ಗಣಿ ಮುಚ್ಚಿತು. ಬೆಂಗಳೂರು ಬೆಳೆಯಿತು, ಕೆಜಿಎಫ್‌ನವರು ಕೆಲಸಕ್ಕೆ ರೈಲು ಹತ್ತಿ ಅಲ್ಲಿಗೇ ಹೋಗಬೇಕಾಯಿತು.

ಪ್ರಶ್ನೆ: ಡಿಎಂಎಫ್ ಹಣ ನಮ್ಮ ಹಳ್ಳಿಗೆ ಬಂದಿದೆಯೇ ಎಂದು ತಿಳಿಯುವುದು ಹೇಗೆ? — ಗ್ರಾಮ ಪಂಚಾಯಿತಿ ಸದಸ್ಯರು, ಚಿತ್ರದುರ್ಗ ಜಿಲ್ಲೆ

ಉತ್ತರ: ಮೊದಲು ಪ್ರತಿಷ್ಠಾನದ ಜಾಲತಾಣದಲ್ಲಿ ವಾರ್ಷಿಕ ಯೋಜನೆ ಮತ್ತು ವರದಿ ನೋಡಿ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ರಸ್ತೆ, ನೀರು, ಶಾಲೆ ಎಲ್ಲವನ್ನೂ ಒಂದರಲ್ಲೇ ತುರುಕಿದರೆ ತಿರಸ್ಕರಿಸಲು ನೆಪ ಸಿಗುತ್ತದೆ. ‘ಇಂಥ ವರ್ಷ, ಇಂಥ ಗ್ರಾಮ: ಮಂಜೂರಾದ ಕಾಮಗಾರಿ, ಬಿಡುಗಡೆಯಾದ ಹಣ, ಖರ್ಚು, ಪೂರ್ಣಗೊಂಡ ಪ್ರಮಾಣಪತ್ರದ ಪ್ರತಿ’ ಎಂದಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಉತ್ತರ ಬಂದ ಮೇಲೆ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಆದ್ಯತಾ ಕೆಲಸಗಳಿಗೆ ಎಷ್ಟು ಹೋಗಿದೆ ಎಂದು ಕೂಡಿಸಿ ನೋಡಿ. 2015ರ ಮಾರ್ಗಸೂಚಿಯಲ್ಲಿ ಇವುಗಳಿಗೆ ಕನಿಷ್ಠ ಶೇ 60 ಮೀಸಲಿತ್ತು, 2024ರಲ್ಲಿ ಅದು ಶೇ 70 ಆಗಿದೆ. ಜಿಲ್ಲಾ ಕೇಂದ್ರದ ಕಟ್ಟಡಗಳೇ ಪಟ್ಟಿಯಲ್ಲಿ ತುಂಬಿದ್ದರೆ ಗ್ರಾಮಸಭೆಯಲ್ಲಿ ಠರಾವು ಮಾಡಿ, ಪ್ರತಿಯನ್ನು ಜಿಲ್ಲಾಧಿಕಾರಿಗೆ ಸ್ವೀಕೃತಿ ಪಡೆದೇ ಕೊಡಿ.