ನಿಮ್ಮ ಕಥೆಗೆ ದಡ ಬೇಡ

ಪ್ರಿಯ ಗೆಳೆಯರೇ,

ನಮ್ಮ ಸೌರವ್ಯೂಹದ ಆಚೆಯ ಕೆ2-18ಬಿ ಗ್ರಹಕ್ಕೆ ಒಬ್ಬಳೇ ಇಳಿಯುವ ಹೆಣ್ಣುಮಗಳ ಬಗ್ಗೆ ನೀವು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗುತ್ತಿಲ್ಲ.

ಒಂಬತ್ತನೇ ಪುಟದಲ್ಲಿ ಅವಳಿಗೆ ಒಂದು ನೆನಪು ಬರುತ್ತದೆ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೆ ಇಳಿದ ಹುಡುಗಿ ಕಾಲು ಚಾಚುತ್ತಾಳೆ, ನೆಲ ಸಿಗುವುದಿಲ್ಲ. ಆ ಮೂರು ಸಾಲು ಓದುವಾಗ ನನ್ನ ಕಾಲೂ ನೆಲ ಹುಡುಕಿತು. ನಿಮ್ಮ ಕಥೆ ಇರುವುದೇ ಅಲ್ಲಿ. ಮರುಪುಟದಲ್ಲೇ ನೌಕೆಯನ್ನು ಮರಳಿನ ದಡದ ಮೇಲೆ ಇಳಿಸಿಬಿಟ್ಟಿದ್ದೀರಿ. ಯಾಕೆ?

ಅಲ್ಲಿ ದಡ ಎಲ್ಲಿಂದ ಬರಬೇಕು? ಆ ಗ್ರಹದ ತೂಕ ಭೂಮಿಯ ಸುಮಾರು ಎಂಟೂವರೆ ಪಟ್ಟು. ಅಗಲ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಲೆಕ್ಕ ಹಾಕಿದರೆ ಸಾಂದ್ರತೆ ಭೂಮಿಯ ಅರ್ಧದಷ್ಟೇ. ಬರೀ ಕಲ್ಲಿನ ಉಂಡೆ ಅಷ್ಟು ಹಗುರ ಇರುವುದಿಲ್ಲ. ಹೈಡ್ರೋಜನ್ ತುಂಬಿದ ಗಾಳಿಯ ಕೆಳಗೆ ಇಡೀ ಗ್ರಹವನ್ನು ಮುಚ್ಚಿದ ಕಡಲಿರಬಹುದು ಎನ್ನುತ್ತದೆ ಕೇಂಬ್ರಿಜ್‌ನ ಖಗೋಳವಿಜ್ಞಾನಿ ನಿಕ್ಕು ಮಧುಸೂದನ್ ಅವರ ತಂಡ. ಜೇಮ್ಸ್ ವೆಬ್ ದೂರದರ್ಶಕದಿಂದ ಅಲ್ಲಿನ ಗಾಳಿಯಲ್ಲಿ ಮೀಥೇನ್, ಕಾರ್ಬನ್ ಡೈಆಕ್ಸೈಡ್ ಗುರುತಿಸಿ 2023ರಲ್ಲಿ ಹೇಳಿದ್ದೂ ಅವರೇ. ಕಡಲೇ ಇಲ್ಲ, ಇಳಿದಷ್ಟೂ ಗಾಳಿ ದಟ್ಟವಾಗಿ ಬಿಸಿಯಾಗುತ್ತಾ ಹೋಗುತ್ತದೆ ಎನ್ನುವ ವಿಜ್ಞಾನಿಗಳೂ ಇದ್ದಾರೆ. ಈ ವಾದ ಇನ್ನೂ ಮುಗಿದಿಲ್ಲ. ಕೆಳಗೆ ನೀರಿದೆಯೋ ಇಲ್ಲವೋ ಗೊತ್ತಿಲ್ಲದೆ ಇಳಿಯುವವಳಿಗೆ ಬೇರೆ ಭಯ ಬೇಕಾ? ನೀವು ತಂದ ಎಂಟು ಕಾಲಿನ ಪ್ರಾಣಿ ಬೇಡವೇ ಬೇಡ.

ಹೈಗನ್ಸ್ ನೌಕೆಯ ಬಗ್ಗೆ ಓದಿ. 2005ರ ಜನವರಿ 14ರಂದು ಅದು ಶನಿಯ ಚಂದ್ರ ಟೈಟನ್ ಮೇಲೆ ಇಳಿಯಿತು. ಗಟ್ಟಿ ನೆಲ ಸಿಗುತ್ತದೋ, ದ್ರವ ಸಿಗುತ್ತದೋ ಕಳಿಸಿದವರಿಗೇ ಗೊತ್ತಿರಲಿಲ್ಲ. ಪ್ಯಾರಾಚೂಟಿನಲ್ಲಿ ಸುಮಾರು ಎರಡೂವರೆ ಗಂಟೆ ಇಳಿದ ಮೇಲೆ ಒದ್ದೆ ಮರಳಿನಂಥ ನೆಲ ತಾಗಿತು. ನಿಮ್ಮ ಕಥೆಯಲ್ಲಿ ಇಳಿಯುವುದು ಒಂದೇ ಪ್ಯಾರಾದಲ್ಲಿ ಮುಗಿದುಹೋಗುತ್ತದೆ. ನನಗೆ ಆ ಎರಡೂವರೆ ಗಂಟೆ ಬೇಕು. ಕೆ2-18ಬಿಯಲ್ಲಿ ಅರವತ್ತು ಕೆಜಿಯವಳಿಗೆ ಮೈ ಎಪ್ಪತ್ತೈದು ಕೆಜಿಯಷ್ಟು ಭಾರ ಅನ್ನಿಸುತ್ತದೆ. ಕೈ ಎತ್ತಿದರೂ ಭಾರ ಗೊತ್ತಾಗುತ್ತದೆ ಅಲ್ವಾ? ಅದನ್ನು ಬರೆಯಿರಿ. ‘ಅದ್ಭುತ’, ‘ವಿಸ್ಮಯ’, ‘ಅನಂತ’ ಎಲ್ಲ ಹೊಡೆದುಹಾಕಿ.

ಹೊನ್ನಿನ ಸೂರ್ಯಾಸ್ತವನ್ನೂ ತೆಗೆಯಿರಿ. ಅಲ್ಲಿನ ಸೂರ್ಯ ಒಂದು ಕೆಂಪು ಕುಬ್ಜ, ಅಂದರೆ ನಮ್ಮ ಸೂರ್ಯನಿಗಿಂತ ಚಿಕ್ಕ, ಕಡಿಮೆ ಬಿಸಿಯ ನಕ್ಷತ್ರ. ಆದರೂ ಗ್ರಹ ಅದಕ್ಕೆ ತೀರಾ ಹತ್ತಿರ ಇರುವುದರಿಂದ ನಮಗೆ ಕಾಣುವ ಸೂರ್ಯನ ಹೆಚ್ಚುಕಡಿಮೆ ಮೂರು ಪಟ್ಟು ಅಗಲ ಕಾಣುತ್ತದೆ. ಗ್ರಹ ಆ ನಕ್ಷತ್ರಕ್ಕೆ ಒಂದೇ ಮುಖ ತೋರಿಸುತ್ತಾ ಸುತ್ತುತ್ತಿದ್ದರೆ ಅದು ಮುಳುಗುವುದೇ ಇಲ್ಲ.

ಇನ್ನು ಅಮ್ಮನ ಮಾತು. ನೌಕೆ ಮೋಡಕ್ಕೆ ಇಳಿಯುವಾಗ ಅಮ್ಮ ಭೂಮಿಯಿಂದ ‘ಹುಷಾರು ಮಗಳೇ’ ಅನ್ನುತ್ತಾಳೆ, ಮಗಳು ತಕ್ಷಣ ಉತ್ತರಿಸುತ್ತಾಳೆ. ಆ ಗ್ರಹ 124 ಜ್ಯೋತಿರ್ವರ್ಷ ದೂರದಲ್ಲಿದೆ. ಅಮ್ಮನ ದನಿ ತಲುಪುವುದಕ್ಕೇ 124 ವರ್ಷ ಬೇಕು. ಮಗಳಿಗೆ ಅದು ಕೇಳಿಸುವ ಹೊತ್ತಿಗೆ ಅಮ್ಮ ಇರುವುದಿಲ್ಲ, ಮಗಳಿಗೂ ಅದು ಗೊತ್ತು. ಈ ಮಾತನ್ನು ಮಾತ್ರ ತೆಗೆಯಬೇಡಿ. ಉತ್ತರ ತೆಗೆದರೆ ಸಾಕು.

ಬಾವಿಯಿಂದ ಶುರು ಮಾಡಿ ನೋಡಿ. ಮುಗಿದ ಮೇಲೆ ನನ್ನ ಹೆಸರಿಗೇ ಕಳಿಸಿ, ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ