ಖಾಲಿ ಟ್ಯಾಂಕ್, ‘ಫುಲ್’ ಎನ್ನುವ ಪ್ಯಾನೆಲ್

ಅಮೆರಿಕದಲ್ಲಿರುವ ನಮ್ಮವರು ಆರ್‌ವಿ (ಅಡುಗೆಮನೆ, ಕಕ್ಕಸು ಎಲ್ಲ ಇರುವ ಮನೆಯಂಥ ಗಾಡಿ) ಕೊಳ್ಳುವುದು, ಇಲ್ಲವೇ ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್, ಝಯಾನ್ ಸುತ್ತಿ ಬರುವುದು ಹೆಚ್ಚಾದ ಹಾಗೆ ನನಗೆ ಬರುವ ಪ್ರಶ್ನೆಗಳೂ ಹೆಚ್ಚಾಗಿವೆ. ಸೋಲಾರ್ ಬಗ್ಗೆ ಕೇಳಿ, ಬ್ಯಾಟರಿ ಬಗ್ಗೆ ಕೇಳಿ, ಟೈರಿನ ಗಾಳಿಯ ಬಗ್ಗೆಯಾದರೂ ಕೇಳಿ ಎಂದು ಕಾಯುತ್ತೇನೆ. ಬರುವುದೆಲ್ಲ ಕಕ್ಕಸಿನ ಟ್ಯಾಂಕಿನ ಪ್ರಶ್ನೆಗಳೇ. ಅದನ್ನೂ ನೇರವಾಗಿ ಕೇಳದೆ, “ನಮ್ಮ ಫ್ರೆಂಡ್ ಒಬ್ಬರ ಗಾಡಿಯಲ್ಲಿ…” ಎಂದು ಶುರು ಮಾಡುತ್ತಾರೆ. ಕಕ್ಕಸಿನದು ಬ್ಲ್ಯಾಕ್ ಟ್ಯಾಂಕ್, ಸಿಂಕ್ ಶವರಿನ ನೀರಿನದು ಗ್ರೇ ಟ್ಯಾಂಕ್. ಅದರಾಚೆಗೆ ಯಾವ ಹಿಡಿ ಎಳೆದರೆ ಏನಾಗುತ್ತದೆ ಎಂದೆಲ್ಲ ಇಲ್ಲಿ ಹೇಳುವುದಿಲ್ಲ. ಗಾಡಿ ಕೊಟ್ಟವರು ಅದನ್ನು ತೋರಿಸಿಕೊಟ್ಟಿರುತ್ತಾರೆ. ಆ ಹೊತ್ತಿನಲ್ಲಿ ನೀವು ಫೋಟೋ ತೆಗೆಯುತ್ತಾ ನಿಂತಿದ್ದರೆ ನಾನೇನು ಮಾಡಲಿ?

ಪ್ರಶ್ನೆ: ನಮ್ಮದು ಹಳೆಯ ಟ್ರಾವೆಲ್ ಟ್ರೈಲರ್. ಬ್ಲ್ಯಾಕ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಬಂದರೂ ಪ್ಯಾನೆಲ್‌ನಲ್ಲಿ ಮೂರನೇ ಎರಡು ಭಾಗ ತುಂಬಿದೆ ಎಂದೇ ದೀಪ ಹತ್ತುತ್ತದೆ. ಗ್ರೇ ಟ್ಯಾಂಕ್ ಸದಾ ‘ಫುಲ್’. ರಿಪೇರಿಯವನು ಸೆನ್ಸರ್ ಹೋಗಿದೆ ಎನ್ನುತ್ತಾನೆ. ಕ್ಯಾಂಪ್‌ಗ್ರೌಂಡಿನಲ್ಲಿ ಪಕ್ಕದ ಸೈಟಿನವರು ಯಾವುದೋ ನೀಲಿ ಕೆಮಿಕಲ್ ಕೊಟ್ಟಿದ್ದಾರೆ. ಯಾವುದು ಸರಿ? (ಟೆಕ್ಸಸ್‌ನ ಓದುಗರು)

ಸದ್ಯಕ್ಕೆ ಎರಡೂ ಬೇಡ. ಆ ನೀಲಿ ಬಾಟಲಿಯನ್ನು ಪಕ್ಕಕ್ಕಿಡಿ, ಅದರ ಮಾತು ಆಮೇಲೆ.

ಮೊದಲು ಆ ಸೆನ್ಸರ್ ಎಂಬುದು ಏನು ಎಂದು ತಿಳಿಯಿರಿ. ಹೆಸರು ದೊಡ್ಡದು, ವಸ್ತು ಬಡಪಾಯಿ. ಪ್ಲಾಸ್ಟಿಕ್ ಟ್ಯಾಂಕಿನ ಗೋಡೆಗೆ ಹೊರಗಿನಿಂದ ತೂತು ಕೊರೆದು ಸ್ಕ್ರೂ ಥರದ ಲೋಹದ ತುಂಡುಗಳನ್ನು ಕೂರಿಸಿರುತ್ತಾರೆ. ತಳದಲ್ಲಿ ಒಂದು, ಮೂರನೇ ಒಂದು ಭಾಗದ ಎತ್ತರದಲ್ಲಿ ಒಂದು, ಮೂರನೇ ಎರಡರಲ್ಲಿ ಒಂದು, ಮೇಲ್ಭಾಗದಲ್ಲಿ ಇನ್ನೊಂದು. ಇವೇ ಪ್ರೋಬ್‌ಗಳು. ನೀವು ಪ್ಯಾನೆಲ್‌ನ ಬಟನ್ ಒತ್ತಿದಾಗ ತೀರಾ ಸಣ್ಣ ಕರೆಂಟ್ ಹರಿಯುತ್ತದೆ. ತಳದ ಪ್ರೋಬಿಗೂ ಮೇಲಿನದಕ್ಕೂ ನಡುವೆ ನೀರಿದ್ದರೆ ಸರ್ಕ್ಯೂಟ್ ಕೂಡಿಕೊಂಡು ದೀಪ ಹತ್ತುತ್ತದೆ. ಅದಕ್ಕೆ ಗೊತ್ತಿರುವುದು ಇಷ್ಟೇ. ಕೂಡಿಸಿದ್ದು ನೀರೋ, ಗೋಡೆಗೆ ಅಂಟಿದ ಒದ್ದೆ ಕಾಗದವೋ, ಕೊಳಕಿನ ಪದರವೋ ಅದಕ್ಕೆ ತಿಳಿಯದು. ಉಪ್ಪಿನಂಶವಿರುವ ಒದ್ದೆ ಪದರ ಗೋಡೆಯುದ್ದಕ್ಕೂ ಇಳಿದಿದ್ದರೆ ಕರೆಂಟ್ ಅದರ ಮೂಲಕವೇ ಹರಿಯುತ್ತದೆ. ಪ್ಯಾನೆಲ್ ‘ಮೂರನೇ ಎರಡು’ ಎನ್ನುತ್ತದೆ, ನೀವು ಸೆನ್ಸರ್ ಹಾಳಾಯಿತು ಎನ್ನುತ್ತೀರಿ. ಅದೇ ಗಾಡಿಯ ಕುಡಿಯುವ ನೀರಿನ ಟ್ಯಾಂಕಿಗೂ ಸಾಮಾನ್ಯವಾಗಿ ಇದೇ ಬಗೆಯ ಪ್ರೋಬ್‌ಗಳಿರುತ್ತವೆ. ಅದು ಸುಳ್ಳು ಹೇಳುವುದು ತೀರಾ ಅಪರೂಪ. ಯಾಕೆಂದು ನಾನು ಹೇಳಬೇಕಿಲ್ಲ.

ಆದ್ದರಿಂದ ದುಡ್ಡು ಬಿಚ್ಚುವ ಮುಂಚೆ ತೊಂದರೆ ಕೊಳೆಯದೋ ವೈರಿನದೋ ಎಂದು ಪತ್ತೆ ಮಾಡಿ. ಟ್ಯಾಂಕ್ ಖಾಲಿ ಮಾಡಿ ಗಾಡಿಯ ಕೆಳಗೆ ನುಸುಳಿ. ಅಡಿಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರೆ ಟ್ಯಾಂಕಿನ ಹತ್ತಿರ ಅದರ ಸ್ಕ್ರೂ ಬಿಚ್ಚಿ ಇಳಿಸಬೇಕು. ಸುಳ್ಳು ಹೇಳುತ್ತಿರುವ ಪ್ರೋಬಿನ ವೈರ್ ಕಳಚಿ, ಒಳಗೆ ಒಬ್ಬರನ್ನು ನಿಲ್ಲಿಸಿ ಬಟನ್ ಒತ್ತಿಸಿ. ಆ ದೀಪ ಆರಿತೋ, ವೈರ್ ಮತ್ತು ಪ್ಯಾನೆಲ್ ಸರಿಯಾಗಿವೆ, ಕೊಳೆ ಟ್ಯಾಂಕಿನೊಳಗಿದೆ. ವೈರ್ ಕಳಚಿದ ಮೇಲೂ ದೀಪ ಉರಿಯುತ್ತಿದೆಯೋ, ಎಲ್ಲೋ ವೈರ್ ಉಜ್ಜಿ ಶಾರ್ಟ್ ಆಗಿದೆ, ಇಲ್ಲವೇ ಪ್ಯಾನೆಲ್ ಬೋರ್ಡ್ ಕೆಟ್ಟಿದೆ. ಟ್ಯಾಂಕ್ ಎಷ್ಟು ತೊಳೆದರೂ ಅದು ಸರಿಹೋಗದು. ಉಲ್ಟಾ ಕೇಸೂ ಉಂಟು: ಟ್ಯಾಂಕ್ ತುಂಬಿದ್ದರೂ ದೀಪ ಹತ್ತುವುದಿಲ್ಲ. ಆಗ ಆ ವೈರನ್ನು ತಳದ ಪ್ರೋಬಿನ ವೈರಿಗೆ ಮುಟ್ಟಿಸಿ ನೋಡಿ. ದೀಪ ಹತ್ತಿದರೆ ತಂತಿ ಸರಿ, ಸ್ಕ್ರೂ ತಲೆಗೆ ತುಕ್ಕು ಹಿಡಿದಿದೆ. ವೈರ್ ಬ್ರಷ್‌ನಿಂದ ಉಜ್ಜಿ ಹೊಸ ಟರ್ಮಿನಲ್ ಹಾಕಿದರೆ ಮುಗಿಯಿತು. ಇನ್ನೊಂದು ಸುಳಿವು: ಮೂರನೇ ಎರಡರ ದೀಪ ಹತ್ತಿದೆ, ಮೂರನೇ ಒಂದರದು ಹತ್ತಿಲ್ಲ ಎಂದರೆ ಅದು ಸಾಮಾನ್ಯವಾಗಿ ವೈರಿನ ತೊಂದರೆ. ನೀರು ಕೆಳಗಿನ ಮೆಟ್ಟಿಲು ಬಿಟ್ಟು ಮೇಲಿನದಕ್ಕೆ ಹಾರುವುದಿಲ್ಲ.

ನಿಮ್ಮ ವಿವರಣೆ ನೋಡಿದರೆ ಕೊಳೆಯೇ ಇರಬೇಕು. ದೋಸೆ ಹಿಟ್ಟು ಒಣಗಿ ಹಿಡಿದ ಪಾತ್ರೆಯನ್ನು ಅಮ್ಮ ಏನು ಮಾಡುತ್ತಿದ್ದರೋ ಅದನ್ನೇ ಟ್ಯಾಂಕಿಗೂ ಮಾಡಿ: ನೆನೆಹಾಕಿ. ಸೀವರ್ ಹುಕಪ್ (ಕೊಳಚೆ ಬಿಡುವ ಪೈಪಿನ ಸಂಪರ್ಕ) ಇರುವ ಸೈಟಿನಲ್ಲಿ ಟ್ಯಾಂಕ್ ಖಾಲಿ ಮಾಡಿ, ವಾಲ್ವ್ ಮುಚ್ಚಿ, ಟಾಯ್ಲೆಟ್ ಮೂಲಕ ಹೋಸ್ ಬಿಟ್ಟು ನೀರು ತುಂಬಿಸಿ. ಮೇಲಿನ ಪ್ರೋಬ್ ಮುಳುಗಬೇಕಾದ್ದರಿಂದ ಅರ್ಧ ತುಂಬಿಸಿದರೆ ಪ್ರಯೋಜನವಿಲ್ಲ. ಟಾಯ್ಲೆಟ್ಟಿನ ಪೆಡಲ್ ಒತ್ತಿ ಟಾರ್ಚ್ ಬಿಟ್ಟು ನೋಡುತ್ತಾ ಇರಿ, ನೀರು ಕೊಳವೆಯ ಬುಡಕ್ಕೆ ಬಂದಾಗ ನಿಲ್ಲಿಸಿ. ಎನ್‌ಝೈಮ್ ಇರುವ ಟ್ಯಾಂಕ್ ಕ್ಲೀನರ್ ಹಾಕಿ ಎರಡು ಮೂರು ದಿನ ಬಿಡಿ. ಬೇಸಿಗೆಯಲ್ಲಿ ಮಾಡಿ. ಚಳಿಯಲ್ಲಿ ಎನ್‌ಝೈಮ್ ಆಗಲಿ ಬ್ಯಾಕ್ಟೀರಿಯಾ ಆಗಲಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ಆಮೇಲೆ ವಾಲ್ವನ್ನು ಒಂದೇ ಸಲಕ್ಕೆ ಪೂರ್ತಿ ಎಳೆಯಿರಿ. ಮೂರಿಂಚಿನ ಪೈಪಿನಲ್ಲಿ ತುಂಬಿದ ಟ್ಯಾಂಕಿನ ನೀರು ನುಗ್ಗುವ ರಭಸವೇ ಗಟ್ಟಿಯಾದದ್ದನ್ನು ಎಳೆದುಕೊಂಡು ಹೋಗುವುದು. ಕೊಳಚೆ ಬಿಡುವ ಹೋಸಿನ ತುದಿಗೆ ಪಾರದರ್ಶಕ ಎಲ್ಬೋ (ಬಾಗಿದ ಪೈಪ್ ತುಂಡು) ಒಂದನ್ನು ಸಿಕ್ಕಿಸಿ. ಮೊದಲು ಕಂದು ನೀರು, ಆಮೇಲೆ ಬೂದು, ಆಮೇಲೆ ತಿಳಿ. ಆಯಿತಲ್ಲ ಎಂದು ನೀವು ವಾಲ್ವ್ ಮುಚ್ಚಲು ಕೈ ಹಾಕುವ ಹೊತ್ತಿಗೆ ಮುಷ್ಟಿಗಾತ್ರದ ಹೆಂಟೆಯೊಂದು ಬಂದು ಎಲ್ಬೋಗೆ ಬಡಿಯುತ್ತದೆ. ಹಾಗಾಗಿ ಒಮ್ಮೆ ತಿಳಿಯಾದರೆ ಸಾಲದು. ಮತ್ತೆ ಕಾಲು ಭಾಗ ನೀರು ತುಂಬಿಸಿ ಒಂದಷ್ಟು ದೂರ ಗಾಡಿ ಓಡಿಸಿ, ಕುಲುಕಿ, ಮತ್ತೆ ಬಿಡಿ. ಪೂರ್ತಿ ತುಂಬಿಸಿ ಓಡಿಸಬೇಡಿ. 40 ಗ್ಯಾಲನ್ ನೀರು ಎಂದರೆ ಸುಮಾರು 330 ಪೌಂಡ್, 150 ಕಿಲೋ. ಅದನ್ನು ಹೊತ್ತುಕೊಂಡಿರುವುದು ಕೆಲವು ಗಾಡಿಗಳಲ್ಲಿ ಎರಡು ತಗಡಿನ ಪಟ್ಟಿ, ಅಷ್ಟೇ.

ಗಾಡಿಯ ಪಕ್ಕದಲ್ಲಿ ‘ಬ್ಲ್ಯಾಕ್ ಟ್ಯಾಂಕ್ ಫ್ಲಶ್’ ಎಂಬ ನಲ್ಲಿ ಬಾಯಿ ಇದ್ದರೆ ಅದನ್ನು ಬಳಸಿ. ಆದರೆ ವಾಲ್ವ್ ಮುಚ್ಚಿ ಅದಕ್ಕೆ ಹೋಸ್ ಹಾಕಿ, ಕಾಫಿ ಕುಡಿದು ಬರುತ್ತೇನೆ ಎಂದು ಹೋಗಬೇಡಿ. ಟ್ಯಾಂಕ್ ತುಂಬಿದ ಮೇಲೆ ನೀರಿಗೆ ದಾರಿ ಎರಡೇ: ಛಾವಣಿಯ ವೆಂಟ್ ಪೈಪ್, ಇಲ್ಲವೇ ನಿಮ್ಮ ಟಾಯ್ಲೆಟ್. ಹಾಗೆ ಆದ ಗಾಡಿಗಳ ಕಾರ್ಪೆಟ್ ಕಿತ್ತ ಮೇಲೆ ನಾನು ಈ ವಿಷಯದಲ್ಲಿ ಯಾರನ್ನೂ ನಂಬುವುದಿಲ್ಲ, ಟೈಮರ್ ಇಟ್ಟಿದ್ದೇನೆ ಎಂದರೂ ನಂಬುವುದಿಲ್ಲ. ನಲ್ಲಿಯ ಪಕ್ಕದಲ್ಲೇ ನಿಂತುಕೊಳ್ಳಿ. ಕುಡಿಯುವ ನೀರಿನ ಹೋಸನ್ನು ಇದಕ್ಕೆ ಹಾಕಿದ್ದು ಕಂಡರೆ ನಾನು ನಿಮ್ಮ ಮನೆಯಲ್ಲಿ ನೀರು ಮುಟ್ಟುವುದಿಲ್ಲ.

ನೆವಾಡಾ, ಆರಿಝೋನಾ ಕಡೆಯ ಗಡಸು ನೀರು ಬಳಸಿದ್ದರೆ ಮೂತ್ರದ ಉಪ್ಪಿನ ಜೊತೆ ಸೇರಿ ಬಿಳಿ ಚಿಪ್ಪು ಕಟ್ಟಿರುತ್ತದೆ, ಅದಕ್ಕೆ ಎನ್‌ಝೈಮ್ ಬಗ್ಗದು. ಸಿಟ್ರಿಕ್ ಆ್ಯಸಿಡ್, ಅಂದರೆ ಅಂಗಡಿಯ ನಿಂಬೆ ಉಪ್ಪು, ನೀರಲ್ಲಿ ಕರಗಿಸಿ ಒಂದು ದಿನ ನೆನೆಯಲು ಬಿಡಿ. ಮೊದಲೇ ಬ್ಲೀಚ್ ಹಾಕಿದ ಟ್ಯಾಂಕಿಗೆ ಮಾತ್ರ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಇನ್ನು ಗ್ರೇ ಟ್ಯಾಂಕ್. ಇದರ ಬಗ್ಗೆ ಇಲ್ಲಿಯವರು ಬರೆದ ಸಲಹೆಗಳಿಂದ ನಮಗೆ ಅರ್ಧ ಉಪಯೋಗ. ಅವರು ಗಾಡಿಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಾರೆ. ನಾವು ಒಗ್ಗರಣೆ ಹಾಕುತ್ತೇವೆ. ಸಾರಿನ ಪಾತ್ರೆಯ ಎಣ್ಣೆ, ಅನ್ನದ ಗಂಜಿ, ಅರಿಸಿನ, ಚಹಾ ಚರಟ ಎಲ್ಲವೂ ಸಿಂಕಿನಿಂದ ಸೀದಾ ಗ್ರೇ ಟ್ಯಾಂಕಿಗೆ. ಎಣ್ಣೆಯೂ ಸೋಪೂ ಗಂಜಿಯೂ ಕೂಡಿ ಗೋಡೆಗೆ ಮೆತ್ತಿಕೊಂಡ ಜಿಡ್ಡು ಸದಾ ಒದ್ದೆ. ನಿಮ್ಮ ‘ಫುಲ್’ ಬಂದದ್ದು ಅಲ್ಲಿಂದ. ಪಾತ್ರೆ ತೊಳೆಯುವ ಲಿಕ್ವಿಡ್ ಧಾರಾಳವಾಗಿ ಹಾಕಿ, ಬಿಸಿ ನೀರು ತುಂಬಿಸಿ, ರಾತ್ರಿಯಿಡೀ ನೆನೆಸಿ ಬಿಡಿ. ಎರಡು ಮೂರು ಸಲ ಬೇಕಾದೀತು. ಮುಂದಕ್ಕೆ ತಟ್ಟೆ ಬಾಣಲೆಗಳನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಿದ ಮೇಲೆ ತೊಳೆಯಿರಿ. ಸಿಂಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಸಾಸಿವೆ ಕಾಳು ವಾಲ್ವಿನ ಅಲಗು ಜಾರುವ ಕಿರಿದಾದ ಸಂದಿನಲ್ಲಿ ಕುಳಿತರೆ ಅಲಗು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ನೀರು ತೊಟ್ಟಿಕ್ಕಿ ಕ್ಯಾಪಿನ ಹಿಂದೆ ತುಂಬಿರುತ್ತದೆ. ಮುಂದಿನ ಸಲ ಕ್ಯಾಪ್ ತಿರುಗಿಸಿದವರ ಚಪ್ಪಲಿಗೆ ಅಭಿಷೇಕ.

ಇಷ್ಟೆಲ್ಲ ಆದ ಮೇಲೂ ದೀಪ ಆರದಿದ್ದರೆ ಆಗ ಬದಲಿಸುವ ಮಾತು. ಹಳೆಯ ಮಾದರಿಯದನ್ನೇ ಮತ್ತೆ ಹಾಕಿಸಿದರೆ ನೀರಿನಲ್ಲಿ ಹೋಮ ಮಾಡಿದಂತೆ, ಒಂದೆರಡು ಸೀಸನ್‌ಗೆ ಮತ್ತೆ ಅದೇ ಗತಿ. ಹಾರ್ಸ್ಟ್ ಎಂಬ ಪ್ರೋಬ್‌ಗಳಿವೆ. ಅವುಗಳ ಲೋಹದ ಸುತ್ತ ಒಳಗೋಡೆಯಿಂದ ಮುಂದಕ್ಕೆ ಪ್ಲಾಸ್ಟಿಕ್ ಕವಚ ಚಾಚಿರುತ್ತದೆ, ಗೋಡೆಯ ಜಿಡ್ಡು ಸುಲಭಕ್ಕೆ ತಾಗುವುದಿಲ್ಲ. ಹಳೆಯ ತೂತಿಗೇ ಹೊರಗಿನಿಂದ ಕೂರುತ್ತವೆ. ಎರಡನೆಯದು ಕೆನಡಾದ ಗಾರ್ನೆಟ್ ಕಂಪನಿಯ ಸೀಲೆವೆಲ್. ಇದು ಟ್ಯಾಂಕಿನ ಒಳಗೆ ಹೋಗುವುದೇ ಇಲ್ಲ. ಹೊರಗೋಡೆಗೆ ಉದ್ದ ಪಟ್ಟಿಯನ್ನು ಅಂಟಿಸುತ್ತಾರೆ, ಪ್ಯಾನೆಲ್‌ನಲ್ಲಿ ಶೇಕಡಾ ಲೆಕ್ಕ ಬರುತ್ತದೆ. ನನ್ನ ಓಟು ಇದಕ್ಕೆ. ಆದರೆ ಗೋಡೆ ಸಪಾಟಾಗಿರಬೇಕು, ಸುತ್ತಮುತ್ತ ಲೋಹದ ಚೌಕಟ್ಟು ಅಂಟಿಕೊಂಡಿರಬಾರದು. ಅಂಟಿಸುವ ಮುಂಚೆ ಗೋಡೆಯನ್ನು ಚೆನ್ನಾಗಿ ಒರೆಸಬೇಕು. ಒಳಗೆ ದಪ್ಪ ಕೆಸರು ಕಟ್ಟಿದ್ದರೆ ಇದೂ ಮೋಸ ಹೋಗುತ್ತದೆ, ಹಾಗಾಗಿ ತೊಳೆಯುವ ಕೆಲಸ ತಪ್ಪಲಿಲ್ಲ.

ಬಾಡಿಗೆ ಗಾಡಿಯಾಗಿದ್ದರೆ ಇಷ್ಟೂ ಮರೆತುಬಿಡಿ. ಟಾಯ್ಲೆಟ್ ಮೂಲಕ ಟ್ಯಾಂಕಿನೊಳಗೆ ನೋಡಲು ಟಾರ್ಚ್ ಇದೆಯಲ್ಲ.

ಪ್ರಶ್ನೆ: ಐಸ್ ಕ್ಯೂಬ್ ಮೂಟೆ ಟಾಯ್ಲೆಟ್‌ಗೆ ಸುರಿದು ಗಾಡಿ ಓಡಿಸಿದರೆ ಗೋಡೆ ಉಜ್ಜಿಕೊಂಡು ಶುಭ್ರವಾಗುತ್ತದೆಯೇ?

ಇಲ್ಲ. ಐಸ್ ತೇಲುತ್ತದೆ, ಕರಗುತ್ತದೆ. ಜ್ಯೂಸಿಗೆ ಹಾಕಿಕೊಳ್ಳಿ.

ಪ್ರಶ್ನೆ: ಮಜ್ಜಿಗೆ ಹಾಕಿದರೆ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆದು ಎಲ್ಲ ಕರಗುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ.

ಮಜ್ಜಿಗೆಯ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ತಿನ್ನುತ್ತದೆ, ಟಾಯ್ಲೆಟ್ ಪೇಪರ್ ತಿನ್ನುವುದಿಲ್ಲ. ಕಳಿಸಿದವರನ್ನೇ ಟ್ಯಾಂಕ್ ತೊಳೆಯಲು ಕರೆಯಿರಿ.

ಪ್ರಶ್ನೆ: ಬ್ಲೀಚ್ ಹಾಕಿದರೆ ವಾಸನೆಯೂ ಹೋಗುತ್ತದೆ, ಸೆನ್ಸರೂ ಸರಿಯಾಗುತ್ತದೆ ಎಂದು ಯೂಟ್ಯೂಬಿನಲ್ಲಿ ನೋಡಿದೆ.

ಮೂತ್ರದಲ್ಲಿರುವ ಅಮೋನಿಯಾಕ್ಕೆ ಬ್ಲೀಚ್ ಸೇರಿದರೆ ಕ್ಲೋರಮೈನ್ ಅನಿಲ ಹುಟ್ಟುತ್ತದೆ. ಆ ಪುಟ್ಟ ಬಾತ್‌ರೂಮಿನಲ್ಲಿ ಅದನ್ನು ಉಸಿರಾಡುವವರು ನೀವು, ವಿಡಿಯೋ ಮಾಡಿದವನಲ್ಲ. ವಾಲ್ವಿನ ರಬ್ಬರೂ ಹಾಳು. ಪಕ್ಕದ ಸೈಟಿನವರು ಕೊಟ್ಟ ನೀಲಿ ದ್ರವದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ: ಲೇಬಲ್ ಓದಿ. ಫಾರ್ಮಾಲ್ಡಿಹೈಡ್ ಇದ್ದರೆ ಬಳಸಬೇಡಿ. ಅದು ವಾಸನೆ ಅಡಗಿಸುವುದೇ ಬ್ಯಾಕ್ಟೀರಿಯಾ ಕೊಂದು. ನೀವು ಬಿಟ್ಟು ಹೋದ ಮೇಲೆ ಕ್ಯಾಂಪ್‌ಗ್ರೌಂಡಿನ ಸೆಪ್ಟಿಕ್ ಟ್ಯಾಂಕಿನಲ್ಲೂ ಅದೇ ಕೆಲಸ ಮುಂದುವರಿಸುತ್ತದೆ. ಆರ್‌ವಿ ಟ್ಯಾಂಕಿಗೆ ಹಾಕುವ ಇಂಥ ಕೆಮಿಕಲ್‌ಗಳ ಮಾರಾಟವನ್ನು ಕ್ಯಾಲಿಫೋರ್ನಿಯಾ ಕಾನೂನು ಮಾಡಿಯೇ ತಡೆದಿದೆ.

ಪ್ರಶ್ನೆ: ಹುಕಪ್ ಇರುವ ಸೈಟಿನಲ್ಲಿ ಎರಡು ವಾರ ಇರುತ್ತೇವೆ. ಬ್ಲ್ಯಾಕ್ ವಾಲ್ವ್ ತೆರೆದೇ ಇಟ್ಟರೆ ದಿನಾ ಎಳೆಯುವ ತಾಪತ್ರಯ ಇಲ್ಲವಲ್ಲ?

ದಿನಾ ಎಳೆಯಿರಿ ಎಂದವರು ಯಾರು? ವಾಲ್ವ್ ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ಟಾಯ್ಲೆಟ್ಟಿನ ಕೆಳಗೇ ಗುಡ್ಡೆ ಕಟ್ಟಿ ಒಣಗುತ್ತದೆ. ಅದನ್ನು ಒಡೆಯಲು ಪ್ರೆಷರ್ ಜೆಟ್ ತಂದು ಕೆಲವು ನೂರು ಡಾಲರ್ ಪಡೆಯುವವರಿದ್ದಾರೆ. ಮುಚ್ಚಿಡಿ, ಮೂರನೇ ಎರಡರಷ್ಟಾದರೂ ತುಂಬಿದ ಮೇಲೆ ಬಿಡಿ. ಬ್ಲ್ಯಾಕ್ ಮೊದಲು, ಗ್ರೇ ಆಮೇಲೆ, ಸೋಪಿನ ನೀರು ಹೋಸ್ ತೊಳೆದುಕೊಂಡು ಹೋಗುತ್ತದೆ. ಖಾಲಿ ಮಾಡಿದ ಕೂಡಲೇ ಎರಡು ಮೂರು ಗ್ಯಾಲನ್ ನೀರು ವಾಪಸ್ ಹಾಕಿ. ಹೊರಡುವ ಆತುರದಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರಿಗೂ ಚೊಂಬು ಬೇಕು. ಟ್ಯಾಂಕಿಗೆ ತೊಂದರೆಯೇ?

ತೊಂದರೆಯಲ್ಲ, ಉಪಕಾರ. ಕಾಗದ ಕಡಿಮೆ, ನೀರು ಜಾಸ್ತಿ, ಟ್ಯಾಂಕಿಗೆ ಬೇಕಾದದ್ದು ಅದೇ. ಬೇಗ ತುಂಬುತ್ತದೆ, ಆ ಲೆಕ್ಕ ಇಟ್ಟುಕೊಳ್ಳಿ. ವೆಟ್ ವೈಪ್ಸ್ ಮಾತ್ರ ಬೇಡ, ಪ್ಯಾಕೆಟ್ ಮೇಲೆ ‘ಫ್ಲಶ್ ಮಾಡಬಹುದು’ ಎಂದು ಎಷ್ಟೇ ದಪ್ಪಕ್ಷರದಲ್ಲಿ ಬರೆದಿರಲಿ.

ಪ್ರಶ್ನೆ: ಗ್ರೇ ನೀರು ಬರೀ ಪಾತ್ರೆ ತೊಳೆದ ನೀರಲ್ಲವೇ, ನ್ಯಾಷನಲ್ ಪಾರ್ಕಿನಲ್ಲಿ ಗಿಡಕ್ಕೆ ಬಿಟ್ಟರೆ ಏನಂತೆ?

ದಂಡ. ಜೊತೆಗೆ ಸಾರಿನ ವಾಸನೆಗೆ ಬರುವ ಕರಡಿ.

ಪ್ರಶ್ನೆ: ಮಿನೆಸೋಟದಲ್ಲಿದ್ದೇವೆ. ಚಳಿಗಾಲಕ್ಕೆ ಗಾಡಿ ನಿಲ್ಲಿಸುವಾಗ ಟ್ಯಾಂಕಿನಲ್ಲಿ ನೆನೆಯಲಿ ಎಂದು ನೀರು ಬಿಡಬಹುದೇ?

ಬೇಡವೇ ಬೇಡ. ಹೆಪ್ಪುಗಟ್ಟಿದರೆ ಟ್ಯಾಂಕೂ ವಾಲ್ವೂ ಬಿರುಕು ಬಿಡುತ್ತವೆ. ಪೂರ್ತಿ ತೊಳೆದು ಖಾಲಿ ಮಾಡಿ, ಆರ್‌ವಿಗೆಂದೇ ಸಿಗುವ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ಅನ್ನು ಸಿಂಕ್, ಶವರ್, ಟಾಯ್ಲೆಟ್ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಸುರಿಯಿರಿ. ವಾಲ್ವಿನ ತನಕ ತಲುಪುವಷ್ಟು ಇರಲಿ. ಕಾರಿನ ರೇಡಿಯೇಟರಿಗೆ ಹಾಕುವುದನ್ನು ಹಾಕಬೇಡಿ, ಅದರಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್, ವಿಷ. ನೆನೆಹಾಕುವ ಕೆಲಸ ಮೇ ತಿಂಗಳಲ್ಲಿ ಇಟ್ಟುಕೊಳ್ಳಿ.