ಹೊಗೆಯ ತಪ್ಪೆಲ್ಲ ಡೀಸೆಲ್‌ದೇ?

ಪತ್ರ: “ನನ್ನ ಹತ್ತಿರ ಎರಡು ಹಳೇ ಲಾರಿಗಳಿವೆ. ಕಪ್ಪು ಹೊಗೆಗೆ ಕಾರಣ ಕೆಟ್ಟ ಡೀಸೆಲ್. ನೀವು ಸುಮ್ನೆ ಗಾಡಿಯವರ ಮೇಲೆ ಗೂಬೆ ಕೂರಿಸುತ್ತೀರಿ.” – ಹಾಸನದ ಓದುಗರು

ಉತ್ತರ: ನಿಮ್ಮ ಸಿಟ್ಟು ಪೂರ್ತಿ ಸುಳ್ಳಲ್ಲ. ಎಣ್ಣೆಯ ಗುಣಕ್ಕೂ ಬೆಲೆ ಇದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಅನ್ನುವ ಹೊಗೆ ನಿಯಮ ಬಂದಾಗ ಡೀಸೆಲ್‌ನ ಗಂಧಕದ ಮಿತಿ 50 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 50 ಪಾಲು) 10ಕ್ಕೆ ಇಳಿಯಿತು. ಒಳ್ಳೆಯದೇ ಆಯಿತು. ಇನ್ನು ನನ್ನ ಮಾತು ಕೇಳಿ.

ನಿಮ್ಮ ಮನೆಯಲ್ಲಿ ಪಂಪ್ ಸ್ಟೌ ಇತ್ತಾ? ನಮ್ಮಜ್ಜಿ ಮೊದಲು ಬರ್ನರ್ ಚೆನ್ನಾಗಿ ಕಾಯಿಸಿ, ಆಮೇಲೆ ಪಂಪ್ ಹೊಡೆಯುತ್ತಿದ್ದರು. ನನಗೆಲ್ಲಿ ಅಷ್ಟು ತಾಳ್ಮೆ? ಒಂದು ದಿನ ಬರ್ನರ್ ಬಿಸಿಯಾಗುವ ಮೊದಲೇ ಪಂಪ್ ಹೊಡೆದೆ. ಹಳದಿ ಉರಿ ಭಗ್ಗೆಂದು ಎದ್ದು ಪಾತ್ರೆಯ ತಳವೆಲ್ಲ ಮಸಿ! ಅದೇ ಸ್ಟೌ, ಅದೇ ಸೀಮೆಎಣ್ಣೆ. ಆವಿಯಾಗಿ ಬಂದರೆ ನೀಲಿ ಉರಿ, ಹಸಿ ಎಣ್ಣೆ ಚಿಮ್ಮಿದರೆ ಮಸಿ.

ಎಂಜಿನ್ನಿನೊಳಗೂ ಹೀಗೇ. ನಾಜಲ್ ಡೀಸೆಲನ್ನು ತುಂತುರು ಮಾಡಿ ಚಿಮ್ಮುತ್ತದೆ. ತುಂತುರಿನ ನಡುವೆ ಎಣ್ಣೆ ಜಾಸ್ತಿ, ಗಾಳಿ ಕಮ್ಮಿ. ಅಲ್ಲಿ ಎಣ್ಣೆಯ ಅಣುಗಳು ಬಿಸಿಗೆ ಒಡೆದು ಅಸಿಟಲೀನ್‌ನಂಥ ತುಣುಕುಗಳಾಗುತ್ತವೆ. ಅವೇ ಒಂದಕ್ಕೊಂದು ಹೆಣೆದುಕೊಂಡು ಮಸಿಯ ಕಣಗಳಾಗುತ್ತವೆ. ಬಹುಪಾಲು ಮಸಿ ಅಂಚಿನಲ್ಲಿ ಗಾಳಿ ಸಿಕ್ಕಿದೊಡನೆ ಸುಟ್ಟುಹೋಗುತ್ತದೆ. ಉಳಿದದ್ದು ನಿಮ್ಮ ಲಾರಿಯ ಹಿಂದೆ ಬೈಕಿನಲ್ಲಿ ಬರುವವನ ಮೂಗಿಗೆ. ನಾಜಲ್ ಸವೆದು ಹನಿ ದಪ್ಪವಾದರೆ ಆವಿಯಾಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಉರಿಯೇ ಮುಗಿದಿರುತ್ತದೆ.

ಕಾಣದ ವಿಷ ಇನ್ನೊಂದಿದೆ. ಉರಿ ತುಂಬ ಬಿಸಿಯಾದ ಕಡೆ ಗಾಳಿಯಲ್ಲಿರುವ ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಗಾಳಿಯಿಂದ ಬಂದದ್ದು ಸ್ವಾಮಿ, ಡೀಸೆಲ್‌ನಿಂದಲ್ಲ! ಬಂಕಿನವರನ್ನು ಬೈದು ಏನು ಬಂತು? ಸುಟ್ಟ ಗಾಳಿಯನ್ನೇ ಸ್ವಲ್ಪ ಮತ್ತೆ ಒಳಗೆ ಬಿಟ್ಟು ಉರಿ ತಣಿಸಿದರೆ ಇದು ಇಳಿಯುತ್ತದೆ, ಆದರೆ ಮಸಿ ಏರುತ್ತದೆ. ಎಂಜಿನಿಯರುಗಳು ವರ್ಷಗಟ್ಟಲೆ ಒದ್ದಾಡಿದ್ದು ಈ ಹಗ್ಗಜಗ್ಗಾಟದಲ್ಲೇ. 2015ರಲ್ಲಿ ಕಾರು ಕಂಪನಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದದ್ದೂ ಈ ಕಾಣದ ಅನಿಲದ ಲೆಕ್ಕದಲ್ಲೇ.

ನಮ್ಮ ಎಮಿಷನ್ ಟೆಸ್ಟಿನಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಹೊಗೆ ಎಷ್ಟು ದಟ್ಟ ಅಂತ ಮಾತ್ರ. ಅದನ್ನಾದರೂ ಅಳೆಯುತ್ತಾರಾ? ಹೋದ ತಿಂಗಳು ನನ್ನ ಹಳೇ ಜೀಪಿನ ಪೈಪಿಗೆ ಆ ಹುಡುಗ ಏನನ್ನೂ ಇಡಲೇ ಇಲ್ಲ. ನಂಬರ್ ಪ್ಲೇಟಿನ ಫೋಟೊ ಹೊಡೆದ, ದುಡ್ಡು ತಗೊಂಡ, ಚೀಟಿ ಕೊಟ್ಟ. ಅದಕ್ಕಿಂತ ನಾಜಲನ್ನು ಸ್ಟ್ಯಾಂಡಿಗೆ ಹಾಕಿ, ತುಂತುರು ನೋಡಿ, “ತೊಟ್ಟಿಕ್ತಿದೆ ಸಾರ್” ಅನ್ನುವ ಡೀಸೆಲ್ ಪಂಪ್ ರಿಪೇರಿಯವರ ಮೇಲೆ ನನಗೆ ನಂಬಿಕೆ ಜಾಸ್ತಿ. ಅವರಿಗೆ ಯಾವ ಇಲಾಖೆಯೂ ಬೋರ್ಡು ಕೊಡುವುದಿಲ್ಲ ಬಿಡಿ.

ಅಂದ ಹಾಗೆ, ನಿಮ್ಮ ಲಾರಿಗಳ ನಾಜಲ್ ಕೊನೆಯ ಸಲ ಚೆಕ್ ಮಾಡಿಸಿದ್ದು ಯಾವಾಗ? ಮುಂದಿನ ಪತ್ರದಲ್ಲಿ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇನೆ.

– ಸಂ.